ಹಿಡಿದಾಗ ಏನಾಗುತ್ತದೆ? ಏಳು ಬಗೆಯ ಫುಟ್‌ಬಾಲ್‌ನಲ್ಲಿ ನಿಮ್ಮದನ್ನು ಆರಿಸಿಕೊಳ್ಳುವ ಬಗೆ

2023ರ ಸೆಪ್ಟೆಂಬರ್ 30, ಶನಿವಾರ. ಬೆಳಿಗ್ಗೆ 10 ಗಂಟೆ. ದೋಸೆ ಇನ್ನೂ ತಟ್ಟೆಯಲ್ಲೇ ಇತ್ತು, ಮೆಲ್ಬರ್ನ್‌ನಿಂದ ಅಕ್ಕನ ವಿಡಿಯೊ ಕಾಲ್ ಬಂತು. ಅವಳು ಹೆಚ್ಚು ಮಾತಾಡಲಿಲ್ಲ. ಫೋನನ್ನು ಮನೆಯ ಟಿವಿ ಮುಂದೆ ಒರಗಿಸಿಟ್ಟು, "ಸುಮ್ನೆ ನೋಡ್ತಾ ಇರು" ಅಂದಳು. ಮೈದಾನ ನೋಡಿದ ಕೂಡಲೇ ಗುರುತು ಸಿಕ್ಕಿತು. ಎಂಸಿಜಿ. ಎಷ್ಟು ಬಾಕ್ಸಿಂಗ್ ಡೇ ಟೆಸ್ಟ್ ನೋಡಿಲ್ಲ ನಾವು! ಆದರೆ ಆವತ್ತು ಅಲ್ಲಿ ಸ್ಟಂಪ್ ಇರಲಿಲ್ಲ. 36 ಜನ ಆಟಗಾರರು ಮೈದಾನದ ತುಂಬ ಓಡುತ್ತಿದ್ದರು. ಸುತ್ತ ಒಂದು ಲಕ್ಷ ಜನ. ಕೊನೆಗೆ ಸೈರನ್ ಕೂಗಿದಾಗ ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86. ಆದರೆ ಬ್ರಿಸ್ಬೇನ್ ಹೊಡೆದದ್ದು 13 ಗೋಲು, ಕಾಲಿಂಗ್‌ವುಡ್ ಹೊಡೆದದ್ದು 12. ಕಡಿಮೆ ಗೋಲು ಹೊಡೆದವರು ಗೆದ್ದಿದ್ದರು!

ಅದು ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಫೈನಲ್. ಕಡಿಮೆ ಗೋಲಿಗೆ ಗೆಲುವು ಹೇಗೆ ಅಂತ ಮುಂದೆ ಹೇಳುತ್ತೇನೆ. ಆವತ್ತಿನಿಂದ ನನಗೆ ಒಂದು ಗೀಳು ಹತ್ತಿತು. "ಫುಟ್‌ಬಾಲ್" ಅಂತ ಹೆಸರಿಟ್ಟುಕೊಂಡ ಆಟ ಯಾವ ಯಾವ ದೇಶದಲ್ಲಿದೆಯೋ ಅದರ ಫೈನಲ್‌ಗಳನ್ನೆಲ್ಲ ಹುಡುಕಿ ನೋಡಲು ಶುರು ಮಾಡಿದೆ. ಈಗ ಗೆಳೆಯರು, ಹೊರದೇಶಕ್ಕೆ ಹೊರಟ ಹುಡುಗರು ಕೇಳುತ್ತಾರೆ: ಯಾವುದನ್ನು ನೋಡಲಿ? ಯಾವುದು ಬೇಗ ಅರ್ಥವಾಗುತ್ತದೆ? ಯಾವುದಕ್ಕೆ ನಿದ್ದೆಗೆಡುವುದು ಸಾರ್ಥಕ?

ಮೊದಲೇ ನನ್ನ ಉತ್ತರ ಹೇಳಿಬಿಡುತ್ತೇನೆ. ನಮ್ಮ ಸಾಕರ್ ಬಿಟ್ಟು ವರ್ಷಕ್ಕೆ ಒಂದೇ ಒಂದು ಫೈನಲ್ ನೋಡುವುದಾದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡಿ. ಎರಡನೆಯದಕ್ಕೂ ಸಮಯವಿದ್ದರೆ ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಸೂಪರ್ ಬೌಲ್ ನೋಡಬೇಕಾದದ್ದೇ, ಆದರೆ ಅದಕ್ಕೆ ಒಂದು ಸಂಜೆಯ ತಯಾರಿ ಬೇಕು. ರಗ್ಬಿಯಲ್ಲಿ ಎರಡು ಬಗೆ, ಅದರಲ್ಲಿ ಹೊಸಬರಿಗೆ ಸುಲಭವಾದದ್ದು 13 ಜನರ ರಗ್ಬಿ.

ಒಂದೇ ಪ್ರಶ್ನೆ ಸಾಕು

ಹೊಸ ಆಟ ನೋಡುವಾಗ ಎಲ್ಲರೂ ನಿಯಮಗಳ ಪಟ್ಟಿ ಓದಲು ಹೋಗುತ್ತಾರೆ. ಹತ್ತು ನಿಮಿಷಕ್ಕೆ ತಲೆ ಕೆಟ್ಟು ಬಿಟ್ಟುಬಿಡುತ್ತಾರೆ. ನನ್ನ ಅನುಭವದಲ್ಲಿ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು. ಚೆಂಡು ಕೈಯಲ್ಲಿರುವವನನ್ನು ಎದುರಾಳಿ ಹಿಡಿದುಬಿಟ್ಟರೆ ಆಮೇಲೆ ಏನಾಗುತ್ತದೆ?

ಕಬಡ್ಡಿ ಆಡಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ರೈಡರ್ ಸಿಕ್ಕಿಬಿದ್ದರೆ ಔಟ್. ಎಳೆದುಕೊಂಡು ಬಂದು ಗೆರೆ ಮುಟ್ಟಿದರೆ ಹಿಡಿದವರು ಔಟ್. ಇಡೀ ಆಟ ನಿಂತಿರುವುದೇ ಆ ಹಿಡಿತದ ಮೇಲೆ. ಫುಟ್‌ಬಾಲ್‌ನ ಏಳೂ ಬಗೆಗಳು ಅದೇ ಹಿಡಿತಕ್ಕೆ ಏಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಇದು ನಾನು ಕಟ್ಟಿದ ಮಾತಲ್ಲ, ಚರಿತ್ರೆಯಲ್ಲೇ ಇದೆ. 1863ರ ಅಕ್ಟೋಬರ್ 26ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಕೆಲವು ಕ್ಲಬ್‌ಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದವು. ಅಲ್ಲಿಯವರೆಗೆ ಒಂದೊಂದು ಶಾಲೆಗೆ ಒಂದೊಂದು ನಿಯಮ. ಎಲ್ಲರಿಗೂ ಒಂದೇ ನಿಯಮ ಬರೆಯಲು ಕೂತಾಗ ಜಗಳ ಬಂದದ್ದು ಎರಡು ವಿಷಯಕ್ಕೆ. ಚೆಂಡು ಕೈಯಲ್ಲಿ ಹಿಡಿದು ಓಡಬಹುದೇ? ಹಾಗೆ ಓಡುವವನನ್ನು ಹಿಡಿಯಬಹುದೇ, ಮೊಣಕಾಲ ಕೆಳಗೆ ಒದೆಯಬಹುದೇ? ಬೇಡ ಅಂತ ತೀರ್ಮಾನವಾಯಿತು. ಒಪ್ಪದ ಬ್ಲ್ಯಾಕ್‌ಹೀತ್ ಕ್ಲಬ್ ಹೊರನಡೆಯಿತು. ಉಳಿದವರದು ಇಂದಿನ ಸಾಕರ್ ಆಯಿತು. ಅಸೋಸಿಯೇಷನ್ ಅನ್ನುವ ಪದದಿಂದಲೇ ಸಾಕರ್ ಅನ್ನುವ ಹೆಸರು ಹುಟ್ಟಿದ್ದು. ಹೊರಹೋದವರ ದಾರಿಯಲ್ಲಿ 1871ರಲ್ಲಿ ರಗ್ಬಿ ಯೂನಿಯನ್ ಬಂತು.

ಸಾಕರ್: ಹಿಡಿಯಲೇಬಾರದು

ಇದನ್ನು ನಿಮಗೆ ವಿವರಿಸಬೇಕಿಲ್ಲ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. ನಮ್ಮದೇ ಆಟ ಇದು.

ಹೋಲಿಕೆಗಾಗಿ ಒಂದು ಮಾತು. ಸಾಕರ್‌ನಲ್ಲಿ ಗೋಲು ಅಪರೂಪ. ಅದಕ್ಕೇ ಅದರ ಬೆಲೆ ಜಾಸ್ತಿ. 2022ರ ಡಿಸೆಂಬರ್ 18ರಂದು ಅರ್ಜೆಂಟೀನಾ–ಫ್ರಾನ್ಸ್ 3-3 ಆದದ್ದು, ಎಂಬಾಪೆ ಮೂರು ಗೋಲು ಹೊಡೆದೂ ಸೋತದ್ದು, ಮೆಸ್ಸಿ ಕಪ್ ಎತ್ತಿದ್ದು ಯಾರಿಗೆ ಮರೆತೀತು? ಆದರೆ ಅಂಥ ಫೈನಲ್ ದಶಕಕ್ಕೊಂದು. ಬಹಳ ಫೈನಲ್‌ಗಳು ಹೆದರಿಕೆಯ ಆಟ. ಮನೆಯಲ್ಲಿ ಆಟದ ಪರಿಚಯ ಇಲ್ಲದವರನ್ನು ಕೂರಿಸಿಕೊಂಡರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ಮುಂದೆ ಹೇಳುವ ಆಟಗಳಲ್ಲಿ ಆ ಕಷ್ಟ ಅಷ್ಟಾಗಿ ಇಲ್ಲ.

ಸಮಯದ ವಿಷಯ: ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ನಾವು ಮಧ್ಯರಾತ್ರಿ 12:30ರವರೆಗೆ ಎದ್ದಿರಬೇಕಿತ್ತು. 2026ರಿಂದ ಅದನ್ನು ಅಲ್ಲಿಯ ಸಂಜೆ 6ಕ್ಕೆ ತಂದಿದ್ದಾರೆ, ಅಂದರೆ ನಮಗೆ ರಾತ್ರಿ 9:30. ಮಕ್ಕಳಿರುವ ಮನೆಗೆ ಇದು ದೊಡ್ಡ ಉಪಕಾರ.

ಅಮೆರಿಕನ್ ಫುಟ್‌ಬಾಲ್: ಹಿಡಿದರೆ ಆಟ ನಿಲ್ಲುತ್ತದೆ, ಎಣಿಕೆ ಶುರುವಾಗುತ್ತದೆ

1874ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡ್‌ಗೆ ಬಂದು ರಗ್ಬಿಯಂಥ ಆಟ ಆಡಿ ತೋರಿಸಿದರು. ಹಾರ್ವರ್ಡ್‌ನವರಿಗೆ ಅದು ಹಿಡಿಸಿತು. ಆರು ವರ್ಷದ ನಂತರ ವಾಲ್ಟರ್ ಕ್ಯಾಂಪ್ ಎಂಬಾತ ಒಂದು ಬದಲಾವಣೆ ತಂದ. ಚೆಂಡಿನವನನ್ನು ಕೆಡವಿದರೆ ಆಟ ಅಲ್ಲಿಗೆ ನಿಲ್ಲಲಿ, ಚೆಂಡು ಅದೇ ತಂಡದ ಹತ್ತಿರ ಇರಲಿ, ಅಲ್ಲಿಂದಲೇ ಮತ್ತೆ ಶುರುವಾಗಲಿ.

ಕೇಳಲು ಸರಳ, ಅಲ್ವಾ? ಆದರೆ ಇದರಲ್ಲಿ ಒಂದು ಅಪಾಯವಿತ್ತು. ಚೆಂಡು ಸಿಕ್ಕಿದ ತಂಡ ಅದನ್ನು ಬಿಟ್ಟುಕೊಡಬೇಕಾದ ಕಾರಣವೇ ಇಲ್ಲ. 1881ರ ಯೇಲ್–ಪ್ರಿನ್ಸ್‌ಟನ್ ಪಂದ್ಯದಲ್ಲಿ ಆದದ್ದು ಅದೇ. ಮೊದಲರ್ಧ ಒಬ್ಬರು, ಎರಡನೇ ಅರ್ಧ ಇನ್ನೊಬ್ಬರು ಚೆಂಡನ್ನು ಅಪ್ಪಿಕೊಂಡು ಕೂತರು. ಪಂದ್ಯ 0-0. ಮರುವರ್ಷವೇ ಎಣಿಕೆ ಬಂತು: ಇಷ್ಟು ಸಲದಲ್ಲಿ ಇಷ್ಟು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಕೊಡಬೇಕು. ಇಂದಿನ ಲೆಕ್ಕ ನಾಲ್ಕು ಸಲ, 10 ಗಜ. ಒಂದೊಂದು ಸಲಕ್ಕೆ ಡೌನ್ ಅನ್ನುತ್ತಾರೆ. ಟಿವಿಯ ಮೂಲೆಯಲ್ಲಿ "ಮೂರನೇ ಡೌನ್, 4 ಗಜ ಬಾಕಿ" ಎಂಬರ್ಥದ ಗುರುತು ಕಂಡರೆ ಅದೇ.

ಇಷ್ಟು ಗೊತ್ತಿದ್ದರೆ ಸೂಪರ್ ಬೌಲ್‌ನ ಅರ್ಧ ಗೊತ್ತಾದ ಹಾಗೆ. ಇನ್ನರ್ಧ ಅಂಕ. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒದ್ದು ಒಂದು, ಇಲ್ಲವೇ ಇನ್ನೊಮ್ಮೆ ದಾಟಿಸಿ ಎರಡು. ದೂರದಿಂದ ಒದ್ದು ಕಂಬಗಳ ನಡುವೆ ಕಳಿಸಿದರೆ 3.

ಟಿವಿಗೆ ಇಷ್ಟು ಹೊಂದುವ ಆಟ ಇನ್ನೊಂದಿಲ್ಲ. ತಲುಪಬೇಕಾದ ಜಾಗವನ್ನು ಮೈದಾನದ ಮೇಲೆ ಹಳದಿ ಗೆರೆಯಾಗಿ ತೋರಿಸುತ್ತಾರೆ. ಆ ಗೆರೆ ನಿಜವಾದ ಮೈದಾನದಲ್ಲಿ ಇಲ್ಲ, ಪರದೆಯ ಮೇಲೆ ಮಾತ್ರ. 1998ರಲ್ಲಿ ಬಂದದ್ದು. ಸ್ಟೇಡಿಯಂನಲ್ಲಿ ಕೂತವರಿಗೆ ಕಾಣದ ಗೆರೆ ಮನೆಯಲ್ಲಿ ಕೂತ ನಮಗೆ ಕಾಣುತ್ತದೆ. ಆಟ 60 ನಿಮಿಷದ್ದೇ ಆದರೂ ಮುಗಿಯುವಾಗ ಮೂರು ಗಂಟೆ ದಾಟಿರುತ್ತದೆ. ಅದರಲ್ಲಿ ಚೆಂಡು ಓಡಾಡುವ ಹೊತ್ತು ಲೆಕ್ಕ ಹಾಕಿದರೆ ಸುಮಾರು 11 ನಿಮಿಷವಂತೆ. ಮೊದಲು ಇದನ್ನು ಕೇಳಿ ನನಗೆ ಬೇಸರವಾಗಿತ್ತು. ಈಗ ಅನ್ನಿಸುವುದು ಬೇರೆ. ಉಳಿದ ಹೊತ್ತು ಖಾಲಿ ಅಲ್ಲ, ಚದುರಂಗದ ಯೋಚನೆಯ ಹೊತ್ತು. ಪಕ್ಕದಲ್ಲಿ ಕೂತವರ ಜೊತೆ "ಈಗ ಓಡುತ್ತಾನಾ, ಎಸೆಯುತ್ತಾನಾ" ಅಂತ ಮಾತಾಡಿಕೊಂಡು ನೋಡಿದರೆ ಆ ಬಿಡುವೇ ಆಟದ ಸವಿ. ಒಬ್ಬರೇ ನೋಡಬೇಡಿ.

ಸೋಲು ಖಚಿತ ಅನ್ನಿಸಿದರೂ ಟಿವಿ ಆರಿಸಬೇಡಿ ಅನ್ನುವುದಕ್ಕೆ 2017ರ ಸೂಪರ್ ಬೌಲ್ ಸಾಕ್ಷಿ. ಹ್ಯೂಸ್ಟನ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28-3ರಿಂದ ಮುಂದಿತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಹೆಚ್ಚುವರಿ ಸಮಯದಲ್ಲಿ 34-28ರಿಂದ ಗೆದ್ದಿತು. ಸೂಪರ್ ಬೌಲ್ ಹೆಚ್ಚುವರಿ ಸಮಯಕ್ಕೆ ಹೋದದ್ದು ಅದೇ ಮೊದಲು.

ನಮಗೆ ಕಷ್ಟ ಸಮಯದ್ದು. ಫೆಬ್ರವರಿಯ ಎರಡನೇ ಭಾನುವಾರ ಅಮೆರಿಕದ ಸಂಜೆ, ನಮಗೆ ಸೋಮವಾರ ಬೆಳಗಿನ 5. ಮುಗಿಯುವಾಗ ಆಫೀಸಿನ ಹೊತ್ತು. ರಜೆ ಹಾಕಿದರೆ ಮಾತ್ರ ಪೂರ್ತಿ ನೋಡಬಹುದು.

ಕೆನಡಾದ ಫುಟ್‌ಬಾಲ್ ಇದರದೇ ಒಡಹುಟ್ಟು. 11 ಜನರ ಬದಲು 12, ನಾಲ್ಕು ಡೌನ್ ಬದಲು ಮೂರು. ಒಂದು ಅವಕಾಶ ಕಡಿಮೆ ಇರುವುದರಿಂದ ಚೆಂಡು ಎಸೆಯುವುದು ಜಾಸ್ತಿ, ಆಟ ಚುರುಕು. 1909ರಿಂದ ನಡೆದು ಬಂದ ಗ್ರೇ ಕಪ್ ಫೈನಲ್ ನವೆಂಬರ್ ಚಳಿಯಲ್ಲಿ ನಡೆಯುತ್ತದೆ. ಟೊರೊಂಟೊದಲ್ಲೋ ಕ್ಯಾಲ್ಗರಿಯಲ್ಲೋ ಇರುವವರು ಇದರಿಂದ ಶುರು ಮಾಡಿ. ಭಾರತದಿಂದ ನೋಡುವವರಿಗೆ ಸೂಪರ್ ಬೌಲ್ ಸಾಕು.

ಎರಡು ರಗ್ಬಿ: ಹಿಡಿದರೆ ಚೆಂಡು ಬಿಡು, ಅಥವಾ ಎದ್ದು ಮತ್ತೆ ಆಡು

15 ಜನರ ರಗ್ಬಿ ಯೂನಿಯನ್‌ನಲ್ಲಿ ಹಿಡಿದು ಕೆಡವಿದರೂ ಆಟ ನಿಲ್ಲುವುದಿಲ್ಲ. ಬಿದ್ದವನು ಚೆಂಡನ್ನು ತಕ್ಷಣ ಬಿಡಬೇಕು. ಅದರ ಮೇಲೆ ಎರಡೂ ಕಡೆಯವರು ಮುಗಿಬಿದ್ದು ತಳ್ಳಾಡುತ್ತಾರೆ. ಆ ರಾಶಿಯೊಳಗೆ ಏನಾಗುತ್ತಿದೆ ಅಂತ ಹೊಸಬರಿಗೆ ಕಾಣುವುದೇ ಇಲ್ಲ. ರೆಫರಿ ಯಾಕೆ ಸೀಟಿ ಊದಿದ ಅನ್ನುವುದೂ ತಿಳಿಯುವುದಿಲ್ಲ. ಇದೇ ಇದರ ತೊಡಕು. ಆದರೆ ಒಂದು ಒಳ್ಳೆಯ ಏರ್ಪಾಡಿದೆ. ರೆಫರಿಯ ಮೈಕ್ ಟಿವಿಯಲ್ಲಿ ಕೇಳುತ್ತದೆ. ಆತ ಆಟಗಾರರಿಗೆ "ಕೈ ತೆಗಿ", "ಹಿಂದೆ ಸರಿ" ಅಂತ ಹೇಳುತ್ತಲೇ ಇರುತ್ತಾನೆ. ಕಾಮೆಂಟರಿಗಿಂತ ಅವನ ಮಾತಿಗೆ ಕಿವಿ ಕೊಡಿ. ಅರ್ಧ ಗಂಟೆಯಲ್ಲಿ ಪಾಠವಾಗುತ್ತದೆ.

ನಾಲ್ಕು ವರ್ಷಕ್ಕೊಮ್ಮೆ ಬರುವ ವಿಶ್ವಕಪ್‌ನ 2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡನ್ನು 12-11ರಿಂದ ಸೋಲಿಸಿತು. ಗೆದ್ದವರು ಒಂದು ಟ್ರೈ (ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಕೂಡ ಹೊಡೆದಿರಲಿಲ್ಲ. ಹ್ಯಾಂಡ್ರೆ ಪೊಲಾರ್ಡ್ ಒದ್ದ ನಾಲ್ಕು ಪೆನಾಲ್ಟಿ, ತಲಾ 3 ಅಂಕ, ಅಷ್ಟೇ. ಕಟ್ಟಾ ಅಭಿಮಾನಿಗೆ ಅದು ಹಬ್ಬ. ಹೊಸಬರನ್ನು ಅಂಥ ಪಂದ್ಯಕ್ಕೆ ಕೂರಿಸಲು ನನಗೆ ಧೈರ್ಯವಿಲ್ಲ. 2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ, ಹಾಗಾಗಿ ಈ ಸಲ ನಿದ್ದೆಗೆಡಬೇಕಿಲ್ಲ.

ಇದಕ್ಕೂ ನಮ್ಮ ದೇಶಕ್ಕೂ ಒಂದು ಹಳೆಯ ನಂಟಿದೆ. ಕಲ್ಕತ್ತಾದಲ್ಲಿದ್ದ ಫುಟ್‌ಬಾಲ್ ಕ್ಲಬ್ 1878ರಲ್ಲಿ ಮುಚ್ಚಿದಾಗ ಅದರ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಆ ಕಲ್ಕತ್ತಾ ಕಪ್‌ಗಾಗಿ ಆಡುತ್ತವೆ. ಈಗ ನಮ್ಮಲ್ಲೂ 7 ಜನರ ರಗ್ಬಿಯ ಒಂದು ಟೂರ್ನಿ 2025ರಲ್ಲಿ ಶುರುವಾಗಿದೆ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನುವ ತಂಡವಿದೆ.

13 ಜನರ ರಗ್ಬಿ ಲೀಗ್ ಹುಟ್ಟಿದ್ದು ಆಟದ ಕಾರಣಕ್ಕಲ್ಲ, ಕೂಲಿಯ ಕಾರಣಕ್ಕೆ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕೆಲಸಗಾರರು ಶನಿವಾರ ಆಡಲು ಹೋದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಅದನ್ನು ಕ್ಲಬ್ ತುಂಬಿಕೊಡಲಿ ಅಂದರು. ದಕ್ಷಿಣದ ಉಳ್ಳವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಬೇರೆಯಾದವು. ದುಡ್ಡು ಕೊಟ್ಟು ನೋಡಲು ಬರುವವರಿಗೆ ಆಟ ಚೆನ್ನಾಗಿ ಕಾಣಬೇಕಲ್ಲ? ಹಾಗಾಗಿ ಆ ರಾಶಿ ತಳ್ಳಾಟವನ್ನು ತೆಗೆದರು. ಹಿಡಿದರೆ ಎದ್ದು ನಿಂತು, ಕಾಲಿನಿಂದ ಚೆಂಡು ಹಿಂದೆ ಕಳಿಸಿ ಮತ್ತೆ ಆಡು. ಇಲ್ಲೂ ಅಮೆರಿಕದ ಹಳೆಯ ತೊಂದರೆಯೇ ಬಂತು, ಚೆಂಡು ಬಿಟ್ಟುಕೊಡದ ತಂಡಗಳು. 1966ರಲ್ಲಿ ನಾಲ್ಕು ಹಿಡಿತದ ಮಿತಿ ಬಂತು, ಆಮೇಲೆ ಅದು ಆರಾಯಿತು. ಹಿಡಿದಾಗ ಆಟ ನಿಲ್ಲಿಸಿದರೆ ಎಣಿಸಲೇಬೇಕು ಅಂತ ಎರಡು ಖಂಡಗಳು, 80 ವರ್ಷದ ಅಂತರದಲ್ಲಿ, ಕಂಡುಕೊಂಡವು. ನನಗೆ ಈ ಇಡೀ ಹೋಲಿಕೆಯಲ್ಲಿ ತುಂಬ ಇಷ್ಟವಾದ ಸಂಗತಿ ಇದು.

ನೋಡಲು ಕೂತಾಗ ಬೆರಳು ಮಡಿಸಿ ಎಣಿಸಿ. ಐದು ಹಿಡಿತವಾದ ಮೇಲೆ ಚೆಂಡನ್ನು ದೂರ ಒದೆಯುತ್ತಾರೆ. ಕಬಡ್ಡಿ ಗೊತ್ತಿರುವವರಿಗೆ ಏಳರಲ್ಲಿ ಇದೇ ಅತಿ ಹತ್ತಿರದ ಆಟ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನ ಫೈನಲ್ ಅಕ್ಟೋಬರ್ ಮೊದಲ ಭಾನುವಾರ, ನಮ್ಮ ಮಧ್ಯಾಹ್ನ 2ರ ಸುಮಾರಿಗೆ. ಹಳೆಯದೊಂದು ಬೇಕಾದರೆ 2015ರದು ಹುಡುಕಿ. ನಾರ್ತ್ ಕ್ವೀನ್ಸ್‌ಲೆಂಡ್ ಕೌಬಾಯ್ಸ್ ಸಮಯ ಮುಗಿಯುವ ಕ್ಷಣದಲ್ಲಿ ಸಮ ಮಾಡಿತು. ಗೆಲ್ಲಿಸಬೇಕಿದ್ದ ಜೊನಾಥನ್ ಥರ್ಸ್ಟನ್‌ನ ಒದೆತ ಕಂಬಕ್ಕೆ ಬಡಿಯಿತು. ಕೆಲವೇ ನಿಮಿಷದಲ್ಲಿ ಅದೇ ಥರ್ಸ್ಟನ್ ಒದ್ದ ಒಂದು ಅಂಕದಿಂದ 17-16ರ ಗೆಲುವು.

ಆಸ್ಟ್ರೇಲಿಯನ್ ಫುಟ್‌ಬಾಲ್: ಹಿಡಿಸಿಕೊಂಡರೆ ಚೆಂಡು ಹಿಡಿದವನಿಗೆ

ಈಗ ನನ್ನ ಪ್ರೀತಿಯ ಆಟಕ್ಕೆ ಬರೋಣ. ಇದು ಹುಟ್ಟಿದ್ದೇ ಕ್ರಿಕೆಟ್ಟಿಗಾಗಿ. ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದ. ಚಳಿಗಾಲದಲ್ಲಿ ಸುಮ್ಮನೆ ಕೂತರೆ ಆಟಗಾರರ ಮೈ ಜಡವಾಗುತ್ತದೆ, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಅಂತ. ಮರುವರ್ಷ ಮೇ ತಿಂಗಳಲ್ಲಿ ಮೆಲ್ಬರ್ನ್ ಕ್ಲಬ್‌ನವರು ಹತ್ತು ನಿಯಮ ಬರೆದರು. ಲಂಡನ್ನಿನ ಆ ಸಭೆಗಿಂತ ನಾಲ್ಕು ವರ್ಷ ಮೊದಲು! ಇವತ್ತಿಗೂ ಆಡುವುದು ಕ್ರಿಕೆಟ್ಟಿನ ಮೊಟ್ಟೆಯಾಕಾರದ ಮೈದಾನಗಳಲ್ಲೇ.

ಒಂದೊಂದು ಕಡೆ 18 ಜನ. ಆಫ್‌ಸೈಡ್ ಇಲ್ಲ, ಆಟ ನಡೆಯುವಾಗ ಯಾರು ಎಲ್ಲಿಗೆ ಬೇಕಾದರೂ ಓಡಬಹುದು. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಅಂಗೈ ಮೇಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಕೊಡಬಹುದು. ಎಸೆಯುವ ಹಾಗಿಲ್ಲ. ಹಿಡಿದು ಓಡಿದರೆ 15 ಮೀಟರಿಗೊಮ್ಮೆ ನೆಲಕ್ಕೆ ಬಡಿದು ಹಿಡಿಯಬೇಕು.

ಹಿಡಿತದ ವಿಷಯಕ್ಕೆ ಬಂದರೆ ಇಲ್ಲಿಯ ನಿಯಮ ತುಂಬ ನ್ಯಾಯವಾದದ್ದು ಅನ್ನಿಸುತ್ತದೆ. ಚೆಂಡು ಬಿಡಲು ನಿನಗೆ ಅವಕಾಶವಿತ್ತು, ಆದರೂ ಬಿಡದೆ ಸಿಕ್ಕಿಬಿದ್ದೆ, ಹಾಗಾದರೆ ಚೆಂಡು ನಿನ್ನನ್ನು ಹಿಡಿದವನಿಗೆ. ಒಬ್ಬ ಆಟಗಾರ ಸಿಕ್ಕಿಬಿದ್ದ ಕೂಡಲೇ ಇಡೀ ಸ್ಟೇಡಿಯಂ "ಬಾಆಆಲ್" ಅಂತ ಕೂಗುತ್ತದೆ. ಅಂಪೈರ್ ತೀರ್ಪು ಕೊಡುವ ಮೊದಲೇ ಲಕ್ಷ ಜನ ಕೊಟ್ಟುಬಿಟ್ಟಿರುತ್ತಾರೆ. ಅಕ್ಕನ ಮನೆಯಲ್ಲಿ ಐದು ವರ್ಷದ ಮಗಳೂ ಕೂಗುತ್ತಾಳೆ.

ಮತ್ತೆ ಆ ಕ್ಯಾಚ್! ಒಬ್ಬ ಒದ್ದ ಚೆಂಡು 15 ಮೀಟರಾದರೂ ಬಂದಿದ್ದು, ಇನ್ನೊಬ್ಬ ಅದನ್ನು ಗಾಳಿಯಲ್ಲೇ ಹಿಡಿದರೆ ಅದಕ್ಕೆ ಮಾರ್ಕ್ ಅಂತ ಹೆಸರು. ಹಿಡಿದವನಿಗೆ ಯಾರೂ ಅಡ್ಡಿ ಮಾಡದೆ ಒದೆಯುವ ಅವಕಾಶ ಸಿಗುತ್ತದೆ. ಅದಕ್ಕಾಗಿ ಎದುರಾಳಿಯ ಭುಜದ ಮೇಲೆ ಮೊಣಕಾಲೂರಿ ಹಾರುತ್ತಾರೆ. ಆವತ್ತಿನ ಫೈನಲ್‌ನಲ್ಲಿ ಬಾಬಿ ಹಿಲ್ ಅನ್ನುವ ಚಿಕ್ಕ ಆಳು ಹಾಗೆ ಹಾರಿ ಹಿಡಿದ. ನಾಲ್ಕು ಗೋಲು ಹೊಡೆದು ಪಂದ್ಯದ ಶ್ರೇಷ್ಠ ಆಟಗಾರನೂ ಆದ. ಕ್ಯಾಚ್ ಅಂದರೆ ಎದ್ದು ನಿಲ್ಲುವ ನಮ್ಮ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಈಗ ಆ ಅಂಕದ ಒಗಟು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, 6 ಅಂಕ. ಸ್ವಲ್ಪ ಗುರಿ ತಪ್ಪಿ ಪಕ್ಕದ ಕಂಬದ ಸಂದಿಗೆ ಹೋದರೆ ಬಿಹೈಂಡ್, 1 ಅಂಕ. ಕಾಲಿಂಗ್‌ವುಡ್ 12 ಗೋಲು, 18 ಬಿಹೈಂಡ್. 72 ಕೂಡಿಸು 18, ಒಟ್ಟು 90. ಬ್ರಿಸ್ಬೇನ್ 13 ಗೋಲು, 8 ಬಿಹೈಂಡ್. 78 ಕೂಡಿಸು 8, ಒಟ್ಟು 86. ತಪ್ಪಿದ ಒದೆತಗಳೇ ಕಪ್ ತಂದುಕೊಟ್ಟವು. ಗೋಲಾದರೆ ಅಂಪೈರ್ ಎರಡು ಬಾವುಟ ಬೀಸುತ್ತಾನೆ, ಬಿಹೈಂಡ್ ಆದರೆ ಒಂದು. ಶಬ್ದ ಆರಿಸಿಟ್ಟು ನೋಡಿದರೂ ಅರ್ಥವಾಗುತ್ತದೆ.

ಸಮವಾದರೆ? 2010ರಲ್ಲಿ ಕಾಲಿಂಗ್‌ವುಡ್–ಸೇಂಟ್ ಕಿಲ್ಡಾ 68-68 ಆಯಿತು. ಪೆನಾಲ್ಟಿ ಇಲ್ಲ, ಹೆಚ್ಚುವರಿ ಸಮಯ ಇಲ್ಲ. ಎಲ್ಲರೂ ಮನೆಗೆ ಹೋಗಿ ಮುಂದಿನ ಶನಿವಾರ ಮತ್ತೆ ಬಂದು ಪೂರ್ತಿ ಪಂದ್ಯ ಆಡಿದರು! 2016ರಿಂದ ಹೆಚ್ಚುವರಿ ಸಮಯ ತಂದಿದ್ದಾರೆ. ಹಳೆಯ ಪದ್ಧತಿಯೇ ಚೆನ್ನಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಭಾರತದಲ್ಲಿರುವವರಿಗೆ ಇದರ ಸಮಯ ಬಂಗಾರ. ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಿಗ್ಗೆ 10ಕ್ಕೆ ಶುರು, ಮಧ್ಯಾಹ್ನದ ಊಟಕ್ಕೆ ಮುಗಿದಿರುತ್ತದೆ. ಮೆಲ್ಬರ್ನ್‌ನಲ್ಲಿ ಹಿಂದಿನ ಶುಕ್ರವಾರ ಸರ್ಕಾರಿ ರಜೆ ಕೂಡ ಇದೆ.

ಗೇಲಿಕ್ ಫುಟ್‌ಬಾಲ್: ಮುಟ್ಟು, ಆದರೆ ಹಿಡಿಯಬೇಡ

ಐರ್ಲೆಂಡಿನಲ್ಲಿ ಇಂಗ್ಲಿಷರ ಆಟಗಳಿಗೆ ಎದುರಾಗಿ ತಮ್ಮ ಆಟ ಉಳಿಸಿಕೊಳ್ಳಬೇಕು ಅಂತ 1884ರ ನವೆಂಬರ್ 1ರಂದು ಥರ್ಲ್ಸ್ ಊರಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತು. ಚೆಂಡು ದುಂಡು, 15 ಜನ. ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಹೋಗಬಹುದು. ಆಮೇಲೆ ನೆಲಕ್ಕೆ ಬಡಿಯಬೇಕು, ಇಲ್ಲವೇ ಕಾಲ ಬೆರಳಿಗೆ ಬಿಟ್ಟು ಮತ್ತೆ ಕೈಗೆ ಒದ್ದುಕೊಳ್ಳಬೇಕು. ಎದುರಾಳಿ ಭುಜಕ್ಕೆ ಭುಜ ಕೊಡಬಹುದು, ತೆರೆದ ಅಂಗೈಯಿಂದ ಚೆಂಡು ತಟ್ಟಬಹುದು, ಆದರೆ ಆಟಗಾರನನ್ನು ಹಿಡಿಯುವ ಹಾಗಿಲ್ಲ. ಗೋಲಿಗೆ 3 ಅಂಕ, ಅಡ್ಡಪಟ್ಟಿಯ ಮೇಲೆ ಹೋದರೆ 1. 2025ರಿಂದ 40 ಮೀಟರ್ ಕಮಾನಿನ ಆಚೆಯಿಂದ ಒದ್ದರೆ 2. ಸ್ಕೋರ್ ಬರೆಯುವುದು ಗೋಲು ಮೊದಲು, ಅಂಕ ಆಮೇಲೆ. 2024ರ ಫೈನಲ್ ಆರ್ಮಾ 1-11, ಗಾಲ್ವೇ 0-13. ಲೆಕ್ಕ ಹಾಕಿ: 14ಕ್ಕೆ 13.

ಆದರೆ ಈ ಆಟದ ಬಗ್ಗೆ ನನಗೆ ಗೌರವ ಹುಟ್ಟಿದ್ದು ನಿಯಮಗಳಿಂದಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡುವವರು ಯಾರೂ ವೃತ್ತಿ ಆಟಗಾರರಲ್ಲ. ಸಂಬಳವಿಲ್ಲ. ಸೋಮವಾರ ಮತ್ತೆ ಶಾಲೆಗೆ ಪಾಠ ಮಾಡಲು, ಹೊಲಕ್ಕೆ, ಆಫೀಸಿಗೆ ಹೋಗುವವರು. ತಂಡ ಬದಲಿಸುವುದೂ ಅಪರೂಪ. ಹುಟ್ಟಿದ ಕೌಂಟಿಗೇ ಆಡುತ್ತಾರೆ. ನಮ್ಮಲ್ಲಿ ಮಂಡ್ಯದವರು ಮಂಡ್ಯಕ್ಕೆ, ಬೀದರಿನವರು ಬೀದರಿಗೆ ಆಡಿ, ಇಡೀ ರಾಜ್ಯ ಕೂತು ನೋಡಿದರೆ ಹೇಗಿರುತ್ತದೆ ಅಂತ ಕಲ್ಪಿಸಿಕೊಳ್ಳಿ.

ಆ ಮೈದಾನಕ್ಕೆ ಒಂದು ನೋವಿನ ಕಥೆಯೂ ಇದೆ. 1920ರ ನವೆಂಬರ್ 21ರಂದು ಡಬ್ಲಿನ್–ಟಿಪ್ಪರೇರಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಒಳನುಗ್ಗಿ ಗುಂಡು ಹಾರಿಸಿದವು. 14 ಜನ ಸತ್ತರು. ಅವರಲ್ಲಿ ಟಿಪ್ಪರೇರಿಯ ಆಟಗಾರ ಮೈಕೆಲ್ ಹೋಗನ್ ಒಬ್ಬ. ಅಲ್ಲಿಯ ಒಂದು ಸ್ಟ್ಯಾಂಡ್‌ಗೆ ಅವನ ಹೆಸರಿದೆ. ಆ ಮೈದಾನದಲ್ಲಿ ರಗ್ಬಿ, ಸಾಕರ್ ಬಹಳ ಕಾಲ ಆಡುವ ಹಾಗಿರಲಿಲ್ಲ. 2007ರಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ಅಲ್ಲಿಗೆ ಬಂದು, ಅವರ ರಾಷ್ಟ್ರಗೀತೆಯನ್ನು ಐರಿಷ್ ಜನ ಮೌನವಾಗಿ ಕೇಳಿದರು. ಆಮೇಲೆ ಐರ್ಲೆಂಡ್ 43-13ರಿಂದ ಗೆದ್ದಿತು. ಜಲಿಯನ್‌ವಾಲಾ ಬಾಗ್ ಓದಿ ಬೆಳೆದ ನಮಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಆಸ್ಟ್ರೇಲಿಯನ್ ಆಟಕ್ಕೂ ಇದಕ್ಕೂ ಎಷ್ಟು ಹೋಲಿಕೆ ಅಂದರೆ, ಟೈಗ್ ಕೆನೆಲಿ ಎಂಬ ಐರಿಷ್ ಆಟಗಾರ 2005ರಲ್ಲಿ ಸಿಡ್ನಿ ಸ್ವಾನ್ಸ್ ಪರ ಎಂಸಿಜಿಯಲ್ಲಿ ಗೆದ್ದ, 2009ರಲ್ಲಿ ತನ್ನ ಊರು ಕೆರಿಗೆ ವಾಪಸು ಬಂದು ಕ್ರೋಕ್ ಪಾರ್ಕ್‌ನಲ್ಲೂ ಗೆದ್ದ. ಫೈನಲ್ ಜುಲೈ ಕೊನೆಯ ಭಾನುವಾರ, ನಮ್ಮ ರಾತ್ರಿ 8. ಆಟ 70 ನಿಮಿಷ ಮಾತ್ರ. ರಾತ್ರಿ ಊಟದ ಜೊತೆ ಮುಗಿಯುತ್ತದೆ.

ಟಿವಿ ಮುಂದೆ ಕೂರುವ ಮೊದಲು

ಹೊರದೇಶದಲ್ಲಿರುವವರಿಗೆ ನನ್ನ ಸಲಹೆ ಬೇರೆ. ನಿಮಗೆ ಇಷ್ಟವಾದದ್ದಲ್ಲ, ನಿಮ್ಮ ಊರು ಯಾವುದನ್ನು "ಫುಟ್‌ಬಾಲ್" ಅನ್ನುತ್ತದೋ ಅದನ್ನು ಮೊದಲು ನೋಡಿ. ಮೆಲ್ಬರ್ನ್‌ನಲ್ಲಿ ಫುಟಿ ಅಂದರೆ 18 ಜನರ ಆಟ. ಸಿಡ್ನಿಯಲ್ಲಿ ಅದೇ ಪದಕ್ಕೆ 13 ಜನರ ರಗ್ಬಿ. ಒಂದೇ ದೇಶ! ಐರ್ಲೆಂಡಿನ ಹಳ್ಳಿ ಕಡೆ ಫುಟ್‌ಬಾಲ್ ಅಂದರೆ ಗೇಲಿಕ್. ಸೋಮವಾರ ಆಫೀಸಿನ ಕಾಫಿ ಹೊತ್ತಿನಲ್ಲಿ ನಿಮಗೂ ಮಾತಿರುತ್ತದೆ. ಅಕ್ಕ ಹೇಳುವ ಪ್ರಕಾರ ಅವಳಿಗೆ ಅಲ್ಲಿ ಮೊದಲ ಗೆಳತಿ ಸಿಕ್ಕಿದ್ದೇ ಹಾಗೆ.

ಮಕ್ಕಳ ಜೊತೆ ನೋಡುವವರಿಗೆ ಒಂದು ಮಾತು. ಅಮೆರಿಕನ್ ಫುಟ್‌ಬಾಲ್ ಮತ್ತು ಎರಡೂ ರಗ್ಬಿಗಳಲ್ಲಿ ತಲೆಗೆ ಪೆಟ್ಟು ಬೀಳುವುದು ನಿಜವಾದ ಚಿಂತೆ. ಆಟಗಾರನನ್ನು ಹೊರಗೆ ಕರೆದು ಡಾಕ್ಟರ್ ಪರೀಕ್ಷೆ ಮಾಡುವುದನ್ನು ಟಿವಿಯಲ್ಲೇ ನೋಡುತ್ತೀರಿ. ಅದನ್ನು ಮಕ್ಕಳಿಗೆ ಮುಚ್ಚಿಡದೆ ವಿವರಿಸಿ. ಪಕ್ಕದ ಮನೆಯ ಹುಡುಗನ ಮೇಲೆ ಪ್ರಯೋಗ ಮಾಡುವುದು ತಪ್ಪುತ್ತದೆ. ಚಿಕ್ಕವರಿಗೆ ಗೇಲಿಕ್ಕೇ ಒಳ್ಳೆಯದು. ಮಾರನೆಯ ದಿನ ಒಂದು ವಾಲಿಬಾಲ್ ಹಿಡಿದು ಬೀದಿಯಲ್ಲಿ ಆಡಬಹುದು.

ಇನ್ನು ದುಡ್ಡಿನ ವಿಷಯ. ಈ ಆಟಗಳ ಪ್ರಸಾರದ ಹಕ್ಕು ಆಗಾಗ ಕೈ ಬದಲಾಗುತ್ತದೆ. ಒಮ್ಮೆ ನಾನು ಒಂದು ಆ್ಯಪ್‌ಗೆ ತಿಂಗಳ ಹಣ ಕಟ್ಟಿದೆ. ಫೈನಲ್ ದಿನ ತೆರೆದರೆ "ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಅಂತ ಬಂತು. ಹಣ ವಾಪಸು ಬರಲಿಲ್ಲ. ಹಾಗಾಗಿ ಫೈನಲ್‌ಗೆ ಎರಡು ವಾರ ಮುಂಚೆಯೇ ಅದೇ ಆ್ಯಪ್‌ನಲ್ಲಿ ಒಂದು ಸಾಮಾನ್ಯ ಪಂದ್ಯ ನೇರವಾಗಿ ಓಡುತ್ತದಾ ಅಂತ ನೋಡಿ, ಆಮೇಲೆ ಕಟ್ಟಿ. ಆ ಪಂದ್ಯವನ್ನು ಇಪ್ಪತ್ತು ನಿಮಿಷ ಸುಮ್ನೆ ನೋಡಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಚೆಂಡು ಹಿಡಿದವನು ಸಿಕ್ಕಿಬಿದ್ದ ಕ್ಷಣದಲ್ಲಿ ಉಳಿದವರು ಏನು ಮಾಡುತ್ತಾರೆ ಅಂತ ಗಮನಿಸಿ. ಫೈನಲ್ ದಿನ ಮನೆಯವರಿಗೆ ವಿವರಿಸುವವರು ನೀವೇ ಆಗಿರುತ್ತೀರಿ.

ಜುಲೈ ಭಾನುವಾರದ ಫೈನಲ್‌ಗೆ ಯಾರ ಪರ ಕೂಗಬೇಕು ಅಂತ ಗೊತ್ತಾಗದಿದ್ದರೆ ಮೇಯೊ ಕೌಂಟಿಯನ್ನು ಆರಿಸಿಕೊಳ್ಳಿ. ಅವರು ಕೊನೆಯ ಸಲ ಕಪ್ ಗೆದ್ದದ್ದು 1951ರಲ್ಲಿ. 1989ರಿಂದ 2021ರವರೆಗೆ ಹನ್ನೊಂದು ವರ್ಷ ಫೈನಲ್ ತಲುಪಿ ಹನ್ನೊಂದು ಸಲವೂ ಸೋತಿದ್ದಾರೆ. ಅವರು ಮತ್ತೆ ಫೈನಲ್‌ಗೆ ಬಂದ ವರ್ಷ ನಮ್ಮ ಮನೆಯಲ್ಲಿ ಹಸಿರು-ಕೆಂಪು ಬಾವುಟ ಹಾರುತ್ತದೆ.